ಅನುಪಲಬ್ಧಿ ಮತ್ತು ಉತ್ತರಿಸದ ಪ್ರಿಂಟರ್

ವಸ್ತುವೊಂದು ತೋರಲಿಲ್ಲ ಎಂದಮಾತ್ರಕ್ಕೆ ಅದು ಇಲ್ಲವೆಂದು ನಿರ್ಣಯಿಸಬಹುದೇ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಆಳವಾಗಿ ಚರ್ಚಿಸಿವೆ. ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರೂ ಅದ್ವೈತಿಗಳೂ ಅಭಾವವನ್ನು ತಿಳಿಸಿಕೊಡುವ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿ, ಅದನ್ನು ಅನುಪಲಬ್ಧಿ, ಅಂದರೆ ತೋರದಿರುವಿಕೆ, ಎಂದು ಕರೆದರು. ಆದರೆ ವಸ್ತು ಇದ್ದಿದ್ದರೆ ತೋರಲೇಬೇಕಾಗಿತ್ತು ಎನ್ನುವಂಥ ಸನ್ನಿವೇಶದಲ್ಲಿ ಮಾತ್ರ ಈ ಪ್ರಮಾಣ ಸಲ್ಲುತ್ತದೆಂದು ಕಟ್ಟುಹಾಕಿ, ಅದಕ್ಕೆ ಯೋಗ್ಯಾನುಪಲಬ್ಧಿ ಎಂಬ ಹೆಸರಿಟ್ಟರು. ಬೆಳಕಿನಲ್ಲಿ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ.

ಈ ಕಟ್ಟಿನ ಬೆಲೆ ಹಳೆಯ ಸರ್ವರಿಗೆ ನೆಟ್‌ವರ್ಕ್ ಪ್ರಿಂಟರ್ ಜೋಡಿಸುವವರಿಗೆ ಬೇಗನೆ ತಿಳಿಯುತ್ತದೆ. 2020ರ ಜನವರಿಯಲ್ಲಿ ವಿಸ್ತೃತ ಬೆಂಬಲವೂ ಮುಗಿದ ವಿಂಡೋಸ್ ಸರ್ವರ್ 2008ರಲ್ಲಿ, ಪ್ರಿಂಟರ್ ಬೇರೆ ಕೋಣೆಯಲ್ಲಿದ್ದರೂ ‘ಲೋಕಲ್ ಪ್ರಿಂಟರ್’ ಎಂಬ ಆಯ್ಕೆಯನ್ನೇ ಹಿಡಿದು, ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟೊಂದನ್ನು ರಚಿಸಿ, ಯಂತ್ರದ ಐಪಿ ವಿಳಾಸ ಕೊಟ್ಟು, ಡ್ರೈವರ್ ಹಾಕಿ, ಉಳಿದ ಕಂಪ್ಯೂಟರುಗಳೊಡನೆ ಹಂಚಿಕೊಳ್ಳುವುದು ಒಂದು ಸಾಮಾನ್ಯ ಕ್ರಮ. ಇಷ್ಟಾದ ಮೇಲೆ ಮುದ್ರಿಸಬೇಕಾದ ಕಡತ ಸಾಮಾನ್ಯವಾಗಿ 9100ನೆಯ ಟಿಸಿಪಿ ಪೋರ್ಟಿನ ದಾರಿಯಲ್ಲಿ ಸಾಗುತ್ತದೆ. ಯಂತ್ರದ ಸ್ಥಿತಿಗತಿಯ ವಿಚಾರಣೆಯಾದರೋ ಎಸ್‌ಎನ್‌ಎಂಪಿ ಎಂಬ ಬೇರೊಂದು ಸಂವಹನ ಪದ್ಧತಿಯಲ್ಲಿ, 161ನೆಯ ಯುಡಿಪಿ ಪೋರ್ಟಿನ ಮೂಲಕ ನಡೆಯುತ್ತದೆ. ವಿಚಾರಣೆಯ ಜೊತೆಗೆ ‘ಕಮ್ಯುನಿಟಿ ನೇಮ್’ ಎಂಬ ಗುರುತಿನ ಪದವೂ ಹೋಗಬೇಕು. ಬೇರೆ ಹೇಳದಿದ್ದರೆ ಸರ್ವರ್ ‘ಪಬ್ಲಿಕ್’ ಎಂದು ಕಳಿಸುತ್ತದೆ. ಭದ್ರತೆಯ ದೃಷ್ಟಿಯಿಂದ ಪ್ರಿಂಟರಿನಲ್ಲಿ ಆ ಪದವನ್ನು ಬದಲಿಸಿದ್ದರೆ, ಅದು ಪ್ರಶ್ನೆಯನ್ನು ತಿರಸ್ಕರಿಸಿದೆನೆಂದೂ ತಿಳಿಸದೆ ಸುಮ್ಮನಿದ್ದುಬಿಡುತ್ತದೆ. ಸರ್ವರ್ ಆ ಮೌನವನ್ನೇ ಹಿಡಿದು ಪ್ರಿಂಟರ್ ‘ಆಫ್‌ಲೈನ್’ ಎಂದು ತೋರಿಸುತ್ತದೆ, ಕಡತಗಳು ಸರದಿಯಲ್ಲೇ ಉಳಿಯುತ್ತವೆ, ಅತ್ತ ಯಂತ್ರ ಕಾಗದ ತುಂಬಿಕೊಂಡು ಸಿದ್ಧವಾಗಿಯೇ ಇರುತ್ತದೆ.

ಇಲ್ಲಿ ಯಂತ್ರ ಕೆಟ್ಟಿಲ್ಲ, ಕೇಬಲ್ಲೂ ಕೆಟ್ಟಿಲ್ಲ. ಇದ್ದರೂ ಉತ್ತರಿಸಲಾಗದ ರೀತಿಯಲ್ಲಿ ಕೇಳಿ, ಉತ್ತರ ಬಾರದ್ದರಿಂದ ಇಲ್ಲವೆಂದು ತೀರ್ಮಾನಿಸಿದ್ದೇ ದೋಷ. ಅಭಾವವೆಂಬ ಬೇರೆ ಪದಾರ್ಥವನ್ನೇ ಒಪ್ಪದ, ಬರಿಯ ನೆಲದ ಅರಿವಷ್ಟೇ ಇರುವುದೆನ್ನುವ, ಮೀಮಾಂಸೆಯ ಇನ್ನೊಂದು ಪಂಥದ ಪ್ರಾಭಾಕರರಂತೆ ನೋಡಿದರೆ, ಸರ್ವರಿಗೆ ನಿಜವಾಗಿ ದೊರೆತದ್ದು ನಿಗದಿತ ಅವಧಿಯಲ್ಲಿ ಉತ್ತರ ಬರಲಿಲ್ಲ ಎಂಬುದು ಮಾತ್ರ. ಆದರೂ ಕುಮಾರಿಲನ ಅನುಯಾಯಿಗಳಾದ ಭಾಟ್ಟರ ನಿಲುವೇ ಹೆಚ್ಚು ಉಪಯುಕ್ತ, ಏಕೆಂದರೆ ಅದು ಅಭಾವಜ್ಞಾನವನ್ನು ಕೈಬಿಡದೆ ಅದಕ್ಕೊಂದು ಪರೀಕ್ಷೆಯನ್ನು ಕೊಡುತ್ತದೆ.

ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪದ ನೈಯಾಯಿಕರಿಗೂ ಈ ಯೋಗ್ಯತೆಯ ಕಟ್ಟು ಬೇಕಾಯಿತು. ಕಾಣದ್ದರಿಂದ ಈಶ್ವರನಿಲ್ಲ ಎಂಬ ವಾದಕ್ಕೆ ಅವರಲ್ಲೊಬ್ಬನಾದ ಉದಯನನು ‘ನ್ಯಾಯಕುಸುಮಾಂಜಲಿ’ಯ ಮೂರನೆಯ ಸ್ತಬಕದಲ್ಲಿ, ಅಂದರೆ ಅಧ್ಯಾಯದಲ್ಲಿ, ಇದನ್ನೇ ಉತ್ತರವಾಗಿ ಒಡ್ಡಿ, ಪ್ರತ್ಯಕ್ಷಕ್ಕೆ ಯೋಗ್ಯವಲ್ಲದ್ದು ಕಾಣದಿದ್ದರೆ ಅದು ಬಾಧಕವಾಗದೆಂದನು. ಈ ಉತ್ತರ ನಿರಾಕರಣೆಯನ್ನು ತಡೆಯುತ್ತದೆಯೇ ಹೊರತು ಅಸ್ತಿತ್ವವನ್ನು ಸ್ಥಾಪಿಸುವುದಿಲ್ಲ. ಹಾಗೆಯೇ ಪ್ರಿಂಟರ್ ಪೋರ್ಟಿನ ಸಂರಚನೆಯಲ್ಲಿ ಎಸ್‌ಎನ್‌ಎಂಪಿ ವಿಚಾರಣೆಯ ಆಯ್ಕೆಯನ್ನು ತೆಗೆದರೆ ಆಫ್‌ಲೈನ್ ಎಂಬ ತಪ್ಪು ತೀರ್ಪು ಮರೆಯಾಗುತ್ತದೆ, ಆದರೆ ಪ್ರಿಂಟರ್ ನಿಜವಾಗಿಯೂ ಆರಿಹೋದಾಗಲೂ ಕಡತ ಕಳಿಸಿ ಸೋಲುವವರೆಗೆ ಸರ್ವರಿಗೆ ಅದು ತಿಳಿಯುವುದಿಲ್ಲ. ಉದಯನನೂ ತಡೆಯಲ್ಲೇ ನಿಲ್ಲಲಿಲ್ಲ. ಜಗತ್ತು ಕಾರ್ಯವಾದ್ದರಿಂದ ಅದಕ್ಕೊಬ್ಬ ಕರ್ತನಿರಬೇಕೆಂಬುದೇ ಮೊದಲಾದ ಅನುಮಾನಗಳನ್ನು ಐದನೆಯ ಸ್ತಬಕದಲ್ಲಿ ಪ್ರತ್ಯೇಕವಾಗಿ ಮಂಡಿಸಿದನು, ಮತ್ತು ಅವುಗಳ ಬಲಾಬಲವನ್ನು ಬೇರೆಯಾಗಿಯೇ ಅಳೆಯಬೇಕಾಗುತ್ತದೆ.