ಬಿದ್ದವನು ಯಾರ ಕಡೆಯವನು?

"ಸಾರ್, ಇನ್ಶೂರೆನ್ಸ್ ಬೇಕು ಅಂತ ಬರ್ದಿದೀರಲ್ಲ, ನನ್ ಬೈಕಿಂದು ಐತೆ. ಅದು ನಡೀತದಾ?"

ವೈರಿಂಗ್ ಮೇಸ್ತ್ರಿಯ ಈ ವಾಯ್ಸ್ ಮೆಸೇಜ್ ಬಂದಾಗ ನಾನು ಆಫೀಸಿನ ಕ್ಯಾಂಟೀನಿನಲ್ಲಿದ್ದೆ. ಜೋರಾಗಿ ನಗು ಬಂತು. ಪಕ್ಕದಲ್ಲಿದ್ದವನಿಗೂ ಕೇಳಿಸಿದೆ, ಅವನೂ ನಕ್ಕ. ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಅದನ್ನೇ ಇನ್ನೊಂದು ಸಲ ಕೇಳಿದೆ. ಆಗ ನಗು ಬರಲಿಲ್ಲ.

ಇದು 2023ರ ಬೇಸಿಗೆಯ ಮಾತು. ನಾವು ಓದಿದ ಎಂಜಿನಿಯರಿಂಗ್ ಕಾಲೇಜಿನ ಹಳೇ ಲ್ಯಾಬೊಂದನ್ನು ಹೊಸದು ಮಾಡಿಕೊಡೋಣ ಅಂತ ನಮ್ಮ ಬ್ಯಾಚಿನವರು ಹೊರಟಿದ್ದೆವು. ದುಡ್ಡು ನಮ್ಮದು, ಕಟ್ಟಡ ಕಾಲೇಜಿನದು, ಕೆಲಸ ಹೊರಗಿನವರದು. ವೈರಿಂಗ್ ಎಲ್ಲ ಬದಲಾಯಿಸಿ, ಹೊರಗೋಡೆಗೆ ಬಣ್ಣ ಹೊಡೆಸಬೇಕಿತ್ತು. ಎರಡನ್ನೂ ಒಬ್ಬನೇ ಮೇಸ್ತ್ರಿ ಒಪ್ಪಿಕೊಂಡಿದ್ದ. ಅಗ್ರಿಮೆಂಟ್ ಬರೆಯೋ ಕೆಲಸ ನನ್ನ ತಲೆಗೆ ಬಂತು. ಯಾಕಂದ್ರೆ ಬ್ಯಾಚಿನಲ್ಲಿ ಅಮೆರಿಕದ ವಿಶ್ವವಿದ್ಯಾಲಯದ ಜೊತೆ ಕಾಂಟ್ರ್ಯಾಕ್ಟ್ ಮಾಡಿಕೊಂಡ ದೊಡ್ಡ ಮನುಷ್ಯ ನಾನೊಬ್ಬನೇ.

ಆ ದೊಡ್ಡಸ್ತಿಕೆಯ ಕಥೆ ಇಷ್ಟು. ಹಿಂದೆ ನಾನು ಆರು ಜನರ ಒಂದು ಪುಟ್ಟ ಕಂಪನಿಯಲ್ಲಿದ್ದೆ. ಅಲ್ಲಿನ ಒಂದು ವಿಶ್ವವಿದ್ಯಾಲಯದ ಲ್ಯಾಬುಗಳಿಗೆ ಕೆಮಿಕಲ್ ಸ್ಟಾಕಿನ ಲೆಕ್ಕ ಇಡುವ ಸಾಫ್ಟ್‌ವೇರ್ ಬರೆದುಕೊಡುವ ಕೆಲಸ ಸಿಕ್ಕಿತ್ತು. ಅವರು ಕಳಿಸಿದ ಅಗ್ರಿಮೆಂಟಿನಲ್ಲಿ ನಾವು ಮಾಡಬೇಕಾದ ಕೆಲಸದ ವಿವರ ಎರಡು ಪುಟ, ವಿಮೆಯ ವಿವರ ಮೂರು ಪುಟ!

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದು ಮಾಮೂಲಿ. ಮರ ಕಡಿಯೋನಿರಲಿ, ಲಿಫ್ಟ್ ರಿಪೇರಿಯವನಿರಲಿ, ಘಟಿಕೋತ್ಸವಕ್ಕೆ ಊಟ ತರೋನಿರಲಿ, ಕ್ಯಾಂಪಸ್ಸಿನೊಳಗೆ ಕೆಲಸಕ್ಕೆ ಬರುವ ಮುಂಚೆ ವಿಮೆಯ ಸರ್ಟಿಫಿಕೇಟ್ ತೋರಿಸಬೇಕು. ಸಾಮಾನ್ಯವಾಗಿ ಕೇಳೋದು ಜನರಲ್ ಲಯಬಿಲಿಟಿ ವಿಮೆ. ಒಂದು ಘಟನೆಗೆ 10 ಲಕ್ಷ ಡಾಲರ್, ಒಟ್ಟಾರೆ 20 ಲಕ್ಷ ಡಾಲರ್ ಅನ್ನೋದು ಅಲ್ಲಿ ಎಲ್ಲ ಕಡೆ ಕಾಣುವ ಅಂಕಿ. ಗಾಡಿ ತಂದರೆ ಅದಕ್ಕೆ ಬೇರೆ ವಿಮೆ, ಕೆಲಸದವರನ್ನು ಕರೆತಂದರೆ ಅವರಿಗೆ ವರ್ಕರ್ಸ್ ಕಾಂಪೆನ್ಸೇಷನ್. ನಮ್ಮಂಥ ಕೋಡ್ ಬರೆಯೋರಿಗೆ ಪ್ರೊಫೆಷನಲ್ ಲಯಬಿಲಿಟಿ, ಡೇಟಾ ಸೋರಿದರೆ ಅಂತ ಸೈಬರ್ ವಿಮೆ. ಇಷ್ಟಕ್ಕೇ ಮುಗಿಯಲ್ಲ. ನಮ್ಮ ಪಾಲಿಸಿಯಲ್ಲಿ ವಿಶ್ವವಿದ್ಯಾಲಯದ ಹೆಸರನ್ನೂ ಸೇರಿಸಬೇಕು. ಪರಿಹಾರ ಕೊಟ್ಟ ವಿಮಾ ಕಂಪನಿ ಆಮೇಲೆ ತಿರುಗಿ ವಿಶ್ವವಿದ್ಯಾಲಯದ ಮೇಲೆ ವಸೂಲಿಗೆ ಹೋಗುವಂತಿಲ್ಲ ಅಂತಲೂ ಬರೆಸಿಕೊಡಬೇಕು.

ಸರ್ಟಿಫಿಕೇಟಿಗೆ ಅಲ್ಲಿ ಒಂದು ಸಿದ್ಧ ಫಾರಂ ಇದೆ, ಅಕಾರ್ಡ್ 25 ಅಂತ. ಅದರ ಮೇಲ್ಭಾಗದಲ್ಲೇ ದೊಡ್ಡಕ್ಷರದಲ್ಲಿ ಒಂದು ಎಚ್ಚರಿಕೆ ಇರುತ್ತೆ: ಇದು ಮಾಹಿತಿಗೆ ಮಾತ್ರ, ಇದನ್ನು ಪಡೆದವರಿಗೆ ಇದರಿಂದ ಯಾವ ಹಕ್ಕೂ ಬರುವುದಿಲ್ಲ ಅಂತ. ಹಕ್ಕು ಏನಿದ್ದರೂ ಪಾಲಿಸಿಯಲ್ಲಿ. ರೀಡ್‌ಮೀ ಫೈಲ್ ಚೆನ್ನಾಗಿದೆ ಅಂತ ಕೋಡ್ ಓಡಲೇಬೇಕು ಅಂತೇನಿಲ್ಲವಲ್ಲ, ಹಾಗೆ. ಆದರೂ ಎಲ್ಲರೂ ಓಡಾಡೋದು ಆ ಒಂದು ಹಾಳೆಗಾಗಿ.

ಲ್ಯಾಬಿನ ಅಗ್ರಿಮೆಂಟಿಗೆ ನಾನು ಮಾಡಿದ್ದು ಆ ಮೂರು ಪುಟದ ಕಾಪಿ-ಪೇಸ್ಟ್. ಡಾಲರ್ ತೆಗೆದು ರೂಪಾಯಿ ಹಾಕಿದೆ, ಅಂಕಿ ಇಳಿಸಿದೆ. ಆ ದಿನ ಬಸ್ಸಿನಲ್ಲಿ ಫೋನಿನಲ್ಲೇ ಅದನ್ನು ತೆರೆದು ಓದಿದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಜನರಲ್ ಲಯಬಿಲಿಟಿ ಕಲಮು ಹಾಗೇ ಇತ್ತು. ವರ್ಕರ್ಸ್ ಕಾಂಪೆನ್ಸೇಷನ್ ಕಲಮನ್ನು, ಅದು ಅಮೆರಿಕದ ಕಾನೂನು ನಮಗ್ಯಾಕೆ ಅಂತ, ನಾನೇ ಡಿಲೀಟ್ ಮಾಡಿದ್ದೆ.

ಎರಡಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಮೇಸ್ತ್ರಿಯ ಕಡೆಯ ಹುಡುಗನ ಕೈಯಿಂದ ಡ್ರಿಲ್ ಜಾರಿ ಕೆಳಗೆ ಹೋಗುತ್ತಿದ್ದ ವಿದ್ಯಾರ್ಥಿಯ ತಲೆ ಮೇಲೆ ಬಿದ್ದರೆ, ಅದಕ್ಕೆ ಜನರಲ್ ಲಯಬಿಲಿಟಿ. ಆ ಹುಡುಗನೇ ಜಾರಿ ಬಿದ್ದರೆ ಅದು ಸಾಮಾನ್ಯವಾಗಿ ಉಪಯೋಗಕ್ಕೆ ಬರಲ್ಲ. ಅವನಿಗೆ ಬೇಕಾದದ್ದು ನಾನು ಅಳಿಸಿದ ಕಲಮು. ಅಂದರೆ ನಮ್ಮನ್ನು ಕಾಪಾಡೋದನ್ನು ಉಳಿಸಿಕೊಂಡು, ಏಣಿ ಹತ್ತೋನನ್ನು ಕಾಪಾಡೋದನ್ನು ಕಿತ್ತು ಹಾಕಿದ್ದೆ. ಬೇಕು ಅಂತ ಮಾಡಿದ್ದಲ್ಲ. ಬೇಕು ಅಂತ ಮಾಡದೇ ಹಾಗಾಯಿತಲ್ಲ ಅನ್ನೋದೇ ಕಾಡಿತು.

ನಮ್ಮೂರು ಸಾಗರದ ಕಡೆ. ಅಡಕೆ ತೋಟಗಳ ಊರು. ಕೊನೆಗಾರ ಕಾಲಿಗೆ ತಳೆ ಸಿಕ್ಕಿಸಿಕೊಂಡು ಒಮ್ಮೆ ಮರ ಹತ್ತಿದರೆ, ಇಳಿಯದೆ ಒಂದು ಮರ ಬಗ್ಗಿಸಿ ಇನ್ನೊಂದಕ್ಕೆ ದಾಟಿಕೊಂಡು ಹೋಗ್ತಾನೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ತೋಟದಲ್ಲಿ ಒಬ್ಬ ಬಿದ್ದ. ಸೊಂಟದ ಮೂಳೆ ಮುರೀತು. ಅಪ್ಪ ಪಕ್ಕದ ಮನೆಯವರ ಜೀಪಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಆ ವರ್ಷ ಮನೆಗೆ ಬರಬೇಕಿದ್ದ ಟಿವಿ ಬರಲಿಲ್ಲ. ಆಮೇಲೆ ಎರಡು ವರ್ಷ ಅವನ ಮನೆಗೆ ನಮ್ಮ ಮನೆಯಿಂದ ಅಕ್ಕಿ ಹೋಯಿತು. ಅಮ್ಮ ಒಂದು ಸಲ ಗೊಣಗಿದ್ದಕ್ಕೆ ಅಪ್ಪ, "ನಮ್ ಮರದಿಂದ ಬಿದ್ದೋನು ಕಣೇ" ಅಂದರು. ಅಷ್ಟೇ. ಅದಕ್ಕಿಂತ ದೊಡ್ಡ ವಾದ ಅವರ ಹತ್ತಿರ ಇರಲಿಲ್ಲ.

ಇದನ್ನು ಹೇಳಿ, ನಮ್ಮ ಹಳ್ಳಿಗಳಲ್ಲಿ ಕಾಗದ ಇಲ್ಲದೇ ಮನುಷ್ಯತ್ವ ಇತ್ತು ಅಂತ ಮುಗಿಸಬಹುದಿತ್ತು. ಓದೋಕೆ ಹಿತವಾಗಿರುತ್ತೆ. ಆದರೆ ಕೆಲವು ವರ್ಷ ಬಿಟ್ಟು ಮೇಲಿನ ತೋಟದಲ್ಲಿ ಇನ್ನೊಬ್ಬ ಕೊನೆಗಾರ ಬಿದ್ದ. ತೋಟದ ಮಾಲೀಕರು "ಅವನಿಗೆ ನೆಟ್ಟಗೆ ಹತ್ತೋಕೆ ಬರಲ್ಲ, ನಾನೇನು ಮಾಡ್ಲಿ" ಅಂದು 500 ರೂಪಾಯಿ ಕೊಟ್ಟು ಕೈ ತೊಳೆದುಕೊಂಡರು. ಅದೇ ಊರು, ಅಷ್ಟೇ ಎತ್ತರದ ಮರ. ಯಾರ ತೋಟದಲ್ಲಿ ಬೀಳ್ತೀಯ ಅನ್ನೋದರ ಮೇಲೆ ನಿನ್ನ ಹಣೆಬರಹ. ಇನ್ನೊಂದು ನೆನಪೂ ಇದೆ. ನಮ್ಮ ತೋಟದಲ್ಲಿ ಬಿದ್ದವನ ಹೆಂಡತಿ ಅಕ್ಕಿಗೆ ಬಂದಾಗೆಲ್ಲ ಅಂಗಳದಲ್ಲೇ ನಿಂತಿರುತ್ತಿದ್ದಳು. ಒಳಗೆ ಬಾ ಅಂದರೂ ಬರುತ್ತಿರಲಿಲ್ಲ. ಅಪ್ಪನ ಪಾಲಿಗೆ ಅದು ಕರ್ತವ್ಯ. ಅವಳ ಪಾಲಿಗೆ ಅದು ಪ್ರತಿ ತಿಂಗಳೂ ಕೈ ಒಡ್ಡೋದು. ನ್ಯಾಯವಾಗಿ ತನ್ನದಾಗಬೇಕಿದ್ದನ್ನು ಬೇಡಿ ಪಡೆಯಬೇಕು ಅಂದ್ರೆ, ಕೊಡೋನು ಎಷ್ಟು ಒಳ್ಳೆಯವನಾದರೂ ಅದು ನ್ಯಾಯ ಆಗಲ್ಲ.

ಹಾಗಾಗಿ ನನಗೆ ವಿಮೆಯ ಕಾಗದದ ಮೇಲೆ ಸಿಟ್ಟಿಲ್ಲ. ಅಪ್ಪನಂಥವರು ಸಿಗದಿದ್ದರೂ ಬಿದ್ದವನಿಗೆ ದುಡ್ಡು ಸಿಗಬೇಕು, ಅದೂ ತಲೆ ಎತ್ತಿಕೊಂಡು ಪಡೆಯುವ ಹಾಗೆ. ಒಳ್ಳೆಯ ವಿಮೆ ಮಾಡೋದು ಇದನ್ನೇ.

ಈಗ ಕಾಲೇಜಿನ ಮಾತಿಗೆ ಬರ್ತೀನಿ. 2008ರಲ್ಲಿ, ನಾವು ಮೂರನೇ ವರ್ಷದಲ್ಲಿದ್ದಾಗ, ಹಾಸ್ಟೆಲಿಗೆ ಬಣ್ಣ ಹೊಡೆಯುತ್ತಿದ್ದವನೊಬ್ಬ ಎರಡನೇ ಮಹಡಿಯ ಎತ್ತರದಿಂದ ಗಳದ ಸಮೇತ ಬಿದ್ದ. ನಾವು ಓಡಿ ಹೋದೆವು. ಅಷ್ಟರಲ್ಲಿ ಆಫೀಸಿನಿಂದ ಒಬ್ಬರು ಬಂದರು. ಅವರ ಬಾಯಿಂದ ಬಂದ ಮೊದಲ ಮಾತು, "ಯಾರ ಕಡೆಯವನು?" ಯಾರೋ "ಕಂಟ್ರಾಕ್ಟರ್ ಕಡೆಯವನು ಸಾರ್" ಅಂದರು. ಅವರ ಮುಖ ಸಡಿಲಾಯಿತು. ಸತ್ಯ ಹೇಳಬೇಕು, ನನಗೂ ಏನೋ ಒಂದು ಹಗುರಾಯಿತು. ಮರುದಿನ ಇಂಟರ್ನಲ್ಸ್ ಇತ್ತು. ಆಟೋದಲ್ಲಿ ಕಳಿಸಿದೆವು, ರೂಮು ರೂಮಿಗೆ ಹೋಗಿ 3,000 ಚಿಲ್ಲರೆ ಒಟ್ಟು ಮಾಡಿದೆವು. ಅವನು ಏನಾದ ಅಂತ ನಾನು ವಿಚಾರಿಸಲಿಲ್ಲ. ಮುಂದಿನ ವಾರ ಅದೇ ಗೋಡೆಗೆ ಬೇರೆ ಒಬ್ಬ ಬಣ್ಣ ಹೊಡೆಯುತ್ತಿದ್ದ.

"ಯಾರ ಕಡೆಯವನು" ಅನ್ನೋ ಪ್ರಶ್ನೆಗೆ ನಮ್ಮ ಕಾನೂನು ಹಿಂದೆಯೇ ಒಂದು ಉತ್ತರ ಬರೆದಿಟ್ಟಿತ್ತು ಅಂತ ಗೊತ್ತಾದದ್ದು 15 ವರ್ಷ ಕಳೆದ ಮೇಲೆ, ಆ ಅಗ್ರಿಮೆಂಟ್ ಸರಿ ಮಾಡಲು ಕೂತಾಗ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ 12ನೇ ಕಲಮು. ಗುತ್ತಿಗೆದಾರನ ಕಡೆಯ ಕೆಲಸಗಾರನಿಗೆ ಪೆಟ್ಟಾದರೆ, ಕೆಲಸ ಕೊಟ್ಟ ಮೂಲ ಮಾಲೀಕನೂ, ಆತ ತನ್ನದೇ ಆಳು ಅನ್ನೋ ಹಾಗೆ ಪರಿಹಾರ ಕೊಡಬೇಕಿತ್ತು. ಬೇಕಾದರೆ ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದಿತ್ತು. ಮೊದಲು ಬಿದ್ದವನನ್ನು ಎತ್ತು, ನಿಮ್ಮ ನಿಮ್ಮ ಜಗಳ ಆಮೇಲೆ ಅಂತ. ಅಪ್ಪನ "ನಮ್ ಮರದಿಂದ ಬಿದ್ದೋನು" ಕೂಡ ಇದೇ.

ಆದರೆ ಅದರಲ್ಲೊಂದು ಸಂದಿ ಇತ್ತು. ಮಾಡಿಸುವ ಕೆಲಸ ಮಾಲೀಕನ ವ್ಯವಹಾರದ ಮಾಮೂಲಿ ಭಾಗವಾಗಿರಬೇಕಿತ್ತು. ಕಾಲೇಜಿನ ವ್ಯವಹಾರ ಪಾಠ ಹೇಳೋದು. ಗೋಡೆಗೆ ಬಣ್ಣ ಹೊಡೆಸೋದು ಅದರ ಭಾಗವಾ? ವಕೀಲರು ವರ್ಷಗಟ್ಟಲೆ ವಾದ ಮಾಡಬಹುದು. ಅಷ್ಟರವರೆಗೆ ಹೊಣೆ ಇರೋದು ಬೈಕಿಗೆ ಮಾತ್ರ ಇನ್ಶೂರೆನ್ಸ್ ಇರುವ ಮೇಸ್ತ್ರಿಯ ಮೇಲೆ. ಲೆಕ್ಕ ಹಾಕಿ ನೋಡಿದೆ. 40 ವರ್ಷದವನು ಕೆಲಸದಲ್ಲಿ ಸತ್ತರೆ, ಕಾಯ್ದೆಯ ಪಟ್ಟಿಯಲ್ಲಿ ಆ ವಯಸ್ಸಿಗೆ ಇದ್ದ ಗುಣಕ 184.17. ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿ 2020ರಿಂದ 15,000 ರೂಪಾಯಿ ಇತ್ತು. ಅದರ ಅರ್ಧಕ್ಕೆ ಗುಣಿಸಿದರೆ 13,81,275 ರೂಪಾಯಿ. ಮೇಸ್ತ್ರಿ ಎಲ್ಲಿಂದ ತರ್ತಾನೆ? ಏನೂ ಇಲ್ಲದವನ ತಲೆಗೆ ಹೊಣೆ ಕಟ್ಟೋದೂ ಒಂದೇ, ಯಾರಿಗೂ ಹೊಣೆ ಇಲ್ಲ ಅನ್ನೋದೂ ಒಂದೇ.

ಬ್ಯಾಚಿನ ಗ್ರೂಪಿನಲ್ಲಿ ಹಾಕಿದೆ. "ನಾವು ಮಾಡ್ತಿರೋದು ದಾನ, ಅದಕ್ಕೂ ಇಷ್ಟು ತಲೆನೋವಾ?" ಅಂದ ಒಬ್ಬ. ಇನ್ನೊಬ್ಬ, "ಏನಾದ್ರೂ ಆದ್ರೆ ನಮ್ಮ ಹುಡುಗರೇ ಜವಾಬ್ದಾರರು ಅಂತ ಬಾಂಡ್ ಪೇಪರ್ ಮೇಲೆ ಸೈನ್ ತಗೊಂಡ್ರೆ ಮುಗೀತು" ಅಂದ. ಅದೂ ಮುಗಿಯಲ್ಲ. ಕೆಲಸಗಾರ ಪರಿಹಾರದ ಹಕ್ಕನ್ನೇ ಬಿಟ್ಟುಕೊಡ್ತೀನಿ ಅಂತ ಬರೆದುಕೊಟ್ಟರೆ ಆ ಕಾಗದ ಊರ್ಜಿತವಲ್ಲ ಅಂತ ಅದೇ ಕಾಯ್ದೆಯ 17ನೇ ಕಲಮು ಹೇಳುತ್ತಿತ್ತು. 1923ರಲ್ಲೇ ಯಾರೋ ನಮ್ಮಂಥವರ ಬುದ್ಧಿಯನ್ನು ಮೊದಲೇ ಊಹಿಸಿದ್ದರು!

ಕೊನೆಗೆ ಮೇಸ್ತ್ರಿಯ ಹೆಸರಿನಲ್ಲಿ ಅವನ ಕೆಲಸದವರಿಗೆ ಎರಡು ತಿಂಗಳ ಪರಿಹಾರ ವಿಮೆ ಮಾಡಿಸಿ, ಪ್ರೀಮಿಯಮ್ಮನ್ನು ಕೆಲಸದ ದರಕ್ಕೆ ಸೇರಿಸಿ ನಾವೇ ಕೊಟ್ಟೆವು. ನಮ್ಮ ರಿಯೂನಿಯನ್ ಊಟಕ್ಕಿಂತ ಕಡಿಮೆ ಖರ್ಚು. ಜೊತೆಗೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾದ ಬಗ್ಗೆಯೂ ಹೇಳಿದೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ.

ಇಲ್ಲಿಗೆ ಮುಗಿದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ವಿಮೆಗೆ ಕೆಲಸದವರ ಹೆಸರು, ವಯಸ್ಸು ಕೊಡಬೇಕಿತ್ತು. ಮೂವರ ಆಧಾರ್ ಕಳಿಸಿ ಅಂದೆ. ಎರಡು ಬಂತು. ಮೂರನೆಯದಕ್ಕೆ ಫೋನ್ ಮಾಡಿದರೆ ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅವನಿಗೆ ಹದಿನೇಳು ಆಗ್ಬೇಕು ಸಾರ್. ಅಪ್ಪ ಇಲ್ಲ. ಕೆಲಸ ಚೆನ್ನಾಗಿ ಕಲ್ತವ್ನೆ." ನಾವು ಬೇಡ ಅಂದೆವು. ಬೇರೇನು ಹೇಳಬಹುದಿತ್ತು? ಏಣಿ ಮೇಲೆ ಹದಿನಾರು ವರ್ಷದ ಹುಡುಗ, ಕೈಯಲ್ಲಿ ವೈರು. ಅವನ ಬದಲಿಗೆ ಬೇರೆ ಯಾರೋ ಬಂದರು. ಲ್ಯಾಬ್ ಮುಗೀತು. ಯಾರೂ ಬೀಳಲಿಲ್ಲ. ಉದ್ಘಾಟನೆಗೆ ನಾವೆಲ್ಲ ಹೋಗಿ ಫೋಟೊ ತೆಗೆಸಿಕೊಂಡೆವು.

ಆ ದಿನ ಮೇಸ್ತ್ರಿ ಸಿಕ್ಕಿದ್ದ. ಹುಡುಗ ಎಲ್ಲಿದಾನೆ ಅಂತ ಕೇಳಿದೆ. "ಊರಾಚೆ ಒಂದು ಲೇಔಟಿನಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಹೋಗ್ತವ್ನೆ ಸಾರ್. ಅಲ್ಲಿ ಇದನ್ನೆಲ್ಲ ಕೇಳಲ್ಲ" ಅಂದ.

ನಮ್ಮ ಕಲಮು ಅವನ ಅಪಾಯವನ್ನು ಕಡಿಮೆ ಮಾಡಲಿಲ್ಲ, ನಮ್ಮ ಕಾಂಪೌಂಡಿನಿಂದ ಆಚೆ ಕಳಿಸಿತು. ಅಗ್ರಿಮೆಂಟಿನಲ್ಲಿ ಇದಕ್ಕೊಂದು ಕಲಮು ಬರೆಯೋದು ಹೇಗೆ ಅಂತ ನನಗೆ ಹೊಳೆದಿಲ್ಲ. ಅವನಿಗೆ ನೆಲದ ಮೇಲಿನ ಕೆಲಸ ಕೊಡಿಸಬಹುದಿತ್ತು, ಐಟಿಐ ಫೀಸು ಕಟ್ಟಬಹುದಿತ್ತು ಅಂತೆಲ್ಲ ಈಗ ಹೊಳೆಯುತ್ತೆ. ಆಗ ಹೊಳೆಯಲಿಲ್ಲ. ಕಾಗದ ಸರಿಯಾದ ಕೂಡಲೇ, 2008ರಲ್ಲಿ ಆದ ಹಾಗೇ, ನನಗೆ ಹಗುರಾಗಿತ್ತು.

ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇಂಟೀರಿಯರ್ ಕೆಲಸ ನಡೀತಿರಬಹುದು. ಒಳಗೆ ಬರೋನ ಫೋಟೊ, ಆಧಾರ್, ಫೋನ್ ನಂಬರ್ ಎಲ್ಲ ಗೇಟಿನಲ್ಲಿ ತಗೊಳ್ತಾರೆ. ಅವನಿಂದ ನಮಗೆ ಏನೂ ಆಗಬಾರದು ಅಂತ. ನಮ್ಮ ಮನೆಯಲ್ಲಿ ಅವನಿಗೆ ಏನಾದರೂ ಆದರೆ ಅನ್ನೋ ಪ್ರಶ್ನೆ ಆ ರಿಜಿಸ್ಟರಿನಲ್ಲಿ ಇಲ್ಲ. ಕೆಲಸ ಶುರುವಾಗೋ ಮುಂಚೆ ಅದನ್ನೊಂದು ಸಲ ಕೇಳಿ. ಉತ್ತರ ಬೈಕಿನ ಇನ್ಶೂರೆನ್ಸ್ ಆಗಿದ್ದರೆ, ದಯವಿಟ್ಟು ನನ್ನ ಹಾಗೆ ನಗಬೇಡಿ.