ಯಾರ ಲೆಕ್ಕದ ಸಾವು?

ನಂದಗುಡಿಯ ನಮ್ಮ ಮನೆಯಲ್ಲಿ 1918ನ್ನು ‘ಜ್ವರದ ವರ್ಷ’ ಎನ್ನುತ್ತಿದ್ದರು, ಯುದ್ಧದ ವರ್ಷವೆಂದಲ್ಲ. ಮುತ್ತಜ್ಜಿಯ ಅಕ್ಕ ಮನೆಮಂದಿಗೆಲ್ಲ ಗಂಜಿ ಕಾಯಿಸಿಕೊಟ್ಟು, ಕೊನೆಗೆ ತಾನೇ ಮಲಗಿದಳು; ಏಳಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಕಾದಿದರು. ಆ ದಳದಲ್ಲಿ ಮಡಿದವರಿಗೆ ಬೆಂಗಳೂರಿನಲ್ಲಿ ಸ್ಮಾರಕವಿದೆ, ಅದು ಯುಕ್ತವೇ. ಆದರೆ ಇನ್‌ಫ್ಲುಯೆಂಜಾ ದೇಶದಲ್ಲಿ ಕೋಟಿಗೂ ಮೀರಿ ಜನರನ್ನು ಕೊಂದಿತೆಂದು ಅಂದಾಜು. ಜ್ವರವನ್ನು ಯುದ್ಧ ಹುಟ್ಟಿಸಿತೆನ್ನಲಾರೆ; ಸೇನೆಯ ಹಡಗು, ರೈಲುಗಳು ಅದನ್ನು ಹೊತ್ತು ತಂದವು. ಯುದ್ಧದಿಂದ ಬೆಲೆ ಏರಿತ್ತು, ಮಳೆಯೂ ಕೈಕೊಟ್ಟಿತು. ಹೊಟ್ಟೆಗಿಲ್ಲದ ಮೈ ಜ್ವರಕ್ಕೆ ಸುಲಭದ ತುತ್ತು.

ಮಳೆಗೆ ಯಾರೂ ಹೊಣೆಯಲ್ಲ, ನಿಜ; ಬಡತನಕ್ಕೆ? ಯುದ್ಧಕ್ಕೆ? ಗುಂಡು ತಾಗಿದವನನ್ನಷ್ಟೇ ಲೆಕ್ಕಕ್ಕೆ ಬರೆದರೆ ಯುದ್ಧ ಅಗ್ಗವಾಗಿ ಕಾಣುತ್ತದೆ. ಅಗ್ಗವೆನಿಸಿದ್ದನ್ನು ಮತ್ತೆ ಕೊಳ್ಳುವವರು ಇದ್ದೇ ಇರುತ್ತಾರೆ. ಗಂಜಿ ಕಾಯಿಸಿದ ಆ ತಾಯಿಯ ಸಾವನ್ನೂ ನಾನು ಯುದ್ಧದ ಖರ್ಚಿಗೇ ಬರೆಯುತ್ತೇನೆ.