ಗೆದ್ದ ದುಡ್ಡು ಯಾರದು?

2022ರ ಬೇಸಿಗೆಯಲ್ಲಿ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಬಂದ. ಹಗಲು ಕಂಪನಿ ಕೆಲಸ, ರಾತ್ರಿ ಕಂಪ್ಯೂಟರಿನಲ್ಲಿ ಪೋಕರ್. ಅವನ ನಾನಿಯ, ಅಂದರೆ ನನ್ನ ಅಮ್ಮನ ಕಣ್ಣಿನ ಪೊರೆಯ ಆಪರೇಷನ್ನಿಗೆ ತಾನೇ ಹಣ ಕೊಡುತ್ತೇನೆಂದ. ಹಣ ಪೋಕರಿನದು. ನಾನು ಮುಖ ನೋಡಿದೆ. "ಮಾಮೂ, ಇದು ಜುವಾ ಅಲ್ಲ. ಇದಕ್ಕೆ ದಿಮಾಗ್ ಬೇಕು. ಹೈಕೋರ್ಟೇ ಹೇಳಿದೆ" ಎಂದ.

ಅವನ ಮಾತು ಸುಳ್ಳಾಗಿರಲಿಲ್ಲ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅನೂರ್ಜಿತಗೊಳಿಸಿತ್ತು. ಕೌಶಲದ ಆಟವನ್ನು ಅದೃಷ್ಟದ ಆಟದ ಜೊತೆ ಸೇರಿಸಬಾರದು ಎಂಬುದು ಅದರ ನಿಲುವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆ ಭೇದವನ್ನೇ ಬದಿಗಿಟ್ಟು ಹೊಸ ಕಾಯ್ದೆ ಅಂಗೀಕರಿಸಿತು. ಆದರೆ ಕಾನೂನು ಬದಲಾದ ಮಾತ್ರಕ್ಕೆ ಮನಸ್ಸಿನ ಪ್ರಶ್ನೆ ತೀರುವುದಿಲ್ಲ.

ಅಂದು ಅವನು ನನ್ನ ಮುಂದಿಟ್ಟದ್ದು ಬ್ಯಾರಿ ಗ್ರೀನ್‌ಸ್ಟೀನ್ ಎಂಬ ಅಮೆರಿಕನ್ನನ ಬದುಕನ್ನು. ಗಣಿತದಲ್ಲಿ ಸಂಶೋಧನೆ ಮಾಡುತ್ತಿದ್ದವನು. ಸಿಮ್ಯಾಂಟೆಕ್ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡಿದವನು. ಆಮೇಲೆ ಪೋಕರನ್ನೇ ಕಸುಬಾಗಿಸಿಕೊಂಡ. 2004, 2005 ಮತ್ತು 2008ರಲ್ಲಿ ಪೋಕರಿನ ವಿಶ್ವ ಸರಣಿಯಲ್ಲಿ ಪ್ರಶಸ್ತಿ ಗೆದ್ದ. ಟೂರ್ನಮೆಂಟುಗಳಲ್ಲಿ ಗೆದ್ದ ಹಣವನ್ನು ಬಡ ಮಕ್ಕಳಿಗಾಗಿ ದುಡಿಯುವ ಸಂಸ್ಥೆಗಳಿಗೆ ಕೊಡುತ್ತ ಬಂದದ್ದರಿಂದ ಜನ ಅವನನ್ನು ಪೋಕರಿನ ರಾಬಿನ್ ಹುಡ್ ಎಂದರು. ಟೂರ್ನಮೆಂಟಿನಲ್ಲಿ ತನ್ನನ್ನು ಸೋಲಿಸಿದವನಿಗೆ ತಾನು ಬರೆದ ಪುಸ್ತಕವನ್ನು ಸಹಿ ಹಾಕಿ ಕೊಡುವುದು ಅವನ ರೂಢಿ. ಇಂಥವನನ್ನು ಕೆಟ್ಟವನೆನ್ನಲು ನನಗೆ ಬಾಯಿ ಬರಲಿಲ್ಲ.

ಆದರೆ ದಾನ ಮಾಡಿದ್ದು ಟೂರ್ನಮೆಂಟಿನ ಹಣ. ಮನೆ ನಡೆದದ್ದು ದೊಡ್ಡ ಪಣದ ನಗದು ಆಟಗಳಿಂದ. ಕಸುಬಿನ ಪ್ರಶ್ನೆ ಅಲ್ಲಿದೆ.

ಪೋಕರಿಗೆ ಜಾಣ್ಮೆ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಒಂದು ರಾತ್ರಿ ಅದೃಷ್ಟ ಗೆಲ್ಲಿಸಬಹುದು. ಸಾವಿರಾರು ಆಟಗಳ ನಂತರ ಲೆಕ್ಕ ಬಲ್ಲವನೇ ಗೆಲ್ಲುತ್ತಾನೆ. ಎದುರಾಎದುರು ಕೂತಾಗ ಮುಖ, ಕೈ, ಉಸಿರು ಓದಬೇಕು. ಆನ್‌ಲೈನಿನಲ್ಲಿ ಮುಖವಿಲ್ಲ, ಒಬ್ಬನೇ ಏಕಕಾಲಕ್ಕೆ ಹಲವು ಮೇಜುಗಳಲ್ಲಿ ಆಡಬಹುದು, ಎದುರಾಳಿ ಹೇಗೆ ಆಡುತ್ತಾನೆಂಬುದನ್ನು ಸಾಫ್ಟ್‌ವೇರ್ ದಾಖಲಿಸುತ್ತದೆ. ಆದರೆ ಮೇಜಿನ ಮೇಲೆ ಹೊಸ ಹಣ ಹುಟ್ಟುವುದಿಲ್ಲ. ಒಬ್ಬನಿಗೆ ಬಂದದ್ದು ಇನ್ನೊಬ್ಬನಿಂದ ಹೋದದ್ದು. ನಡುವೆ ಆಟ ನಡೆಸುವವರ ಪಾಲು ಬೇರೆ. ಎಲ್ಲರೂ ಸಮಾನ ಜಾಣರಾದರೆ ಆ ಪಾಲೇ ಎಲ್ಲರನ್ನೂ ತಿಂದು ಹಾಕುತ್ತದೆ. ಆದ್ದರಿಂದ ಕಸುಬುದಾರನ ಮೊದಲ ಜಾಣ್ಮೆ ಎಲೆ ಆಡುವುದಲ್ಲ, ದುರ್ಬಲರು ಕೂತಿರುವ ಮೇಜನ್ನು ಆರಿಸುವುದು. ಅಂಥವರಿಗೆ ಅವರ ಭಾಷೆಯಲ್ಲಿ ಮೀನು ಎಂದೇ ಹೆಸರು.

2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ ಆನ್‌ಲೈನಿನಲ್ಲಿ ಸಣ್ಣ ಮೊತ್ತ ಕಟ್ಟಿ ವಿಶ್ವ ಸರಣಿಯ ಮುಖ್ಯ ಟೂರ್ನಮೆಂಟಿಗೆ ಪ್ರವೇಶ ಪಡೆದ. ಅಲ್ಲಿ 25 ಲಕ್ಷ ಡಾಲರ್ ಗೆದ್ದ. ಆ ವರ್ಷ ಆಡಿದವರು 839 ಮಂದಿ, ಮರುವರ್ಷ 2,576, 2006ರಲ್ಲಿ 8,773. ತಾವೂ ಅವನಂತೆ ಆಗಬಹುದೆಂದು ಬಂದವರು ಎಷ್ಟೋ ಜನ. ಕಸುಬುದಾರರಿಗೆ ಅದು ಸುಗ್ಗಿ.

"ಅವರು ಒಪ್ಪಿಯೇ ಕೂತಿರ್ತಾರಲ್ಲ ಮಾಮೂ" ಎಂದ ಹುಡುಗ. ಧರ್ಮರಾಯನೂ ಒಪ್ಪಿಯೇ ಕೂತಿದ್ದ. ಅದರಿಂದ ಆ ಸಭೆಯಲ್ಲಿ ನಡೆದದ್ದು ನ್ಯಾಯವಾಯಿತೆಂದು ನಾವ್ಯಾರೂ ಹೇಳುವುದಿಲ್ಲ. ಬಟ್ಟೆ ವ್ಯಾಪಾರಿಯೂ ಲಾಭ ಮಾಡುತ್ತಾನೆ, ಆದರೆ ಕೊಂಡವನು ಬಟ್ಟೆ ಹಿಡಿದು ಮನೆಗೆ ಹೋಗುತ್ತಾನೆ. ಒಳ್ಳೆಯ ದರ್ಜಿಯ ಹೊಟ್ಟೆ ತುಂಬಲು ಇನ್ನೊಬ್ಬ ದರ್ಜಿ ಕೆಡಬೇಕಿಲ್ಲ.

ದಾನದ ಮಾತೂ ಹೊಸದಲ್ಲ. ಇಸ್ಲಾಮಿಗೆ ಮುಂಚಿನ ಅರಬರು ಒಂಟೆ ಕಡಿದು, ಬಾಣಗಳಿಂದ ಚೀಟಿ ಎತ್ತುವಂತೆ ಪಾಲು ಹಾಕಿ ಮೈಸಿರ್ ಆಡುತ್ತಿದ್ದರು. ಗೆದ್ದವರು ಮಾಂಸವನ್ನು ಬಡವರಿಗೆ ಹಂಚುತ್ತಿದ್ದರು ಎನ್ನುತ್ತಾರೆ ವ್ಯಾಖ್ಯಾನಕಾರರು. ಕುರ್‌ಆನಿನ ಅಲ್ ಬಕರ ಅಧ್ಯಾಯ ಜೂಜಿನಲ್ಲಿ ಜನರಿಗೆ ಪ್ರಯೋಜನವೇ ಇಲ್ಲ ಎನ್ನುವುದಿಲ್ಲ. ಪಾಪವು ಪ್ರಯೋಜನಕ್ಕಿಂತ ದೊಡ್ಡದು ಎನ್ನುತ್ತದೆ. ಈ ಮಾತನ್ನು ಬಾಲ್ಯದಲ್ಲಿ ಉರ್ದುವಿನಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಗ್ರೀನ್‌ಸ್ಟೀನನ ಕತೆ ಕೇಳಿದ ಮೇಲೆ. ಅವನ ಹಣದಿಂದ ಒಂದು ಮಗು ಓದಿದರೆ ಆ ಓದು ನಿಜ. ಆದರೆ ಪಡೆದ ಮಗುವೇ ಬೇರೆ, ಕಳೆದುಕೊಂಡವನೇ ಬೇರೆ. ಎರಡನೆಯವನನ್ನು ಯಾರೂ ಕೇಳುವುದಿಲ್ಲ.

ಕೇಳಿದ್ದು ಅಮ್ಮ. ಹುಡುಗ ಎಲ್ಲ ವಿವರಿಸಿದ ಮೇಲೆ, "ಸೋತವರು ಯಾರು ಬೇಟಾ?" ಎಂದಳು. "ಗೊತ್ತಿಲ್ಲ ನಾನಿ, ಹೆಸರೂ ಸುಳ್ಳು ಹೆಸರೇ ಇರುತ್ತದೆ" ಎಂದ. "ಹಾಗಾದರೆ ನಾನು ಯಾರಿಗೆ ದುವಾ ಮಾಡಲಿ?" ಎಂದು ಕೇಳಿ ಸುಮ್ಮನಾದಳು.

ಆಪರೇಷನ್ ಮೂರು ತಿಂಗಳು ತಡವಾಯಿತು. ಅವನ ಸಂಬಳದಿಂದ ಅರ್ಧ, ನನ್ನದರಿಂದ ಅರ್ಧ. ಅಮ್ಮ ಕೇಳುವುದಕ್ಕೆ ಮೊದಲೇ ನಾನು ಆ ಪೋಕರಿನ ಹಣಕ್ಕೆ ತಲೆಯಾಡಿಸಿದ್ದೆ ಎಂಬುದನ್ನು ಅವಳಿಗೆ ಇನ್ನೂ ಹೇಳಿಲ್ಲ.